ಬೇಲಿಯಿಂದ ಮೂರಡಿ

ನನ್ನ ಅಮ್ಮ ಹಿಲ್ಡಾ ತೊಂಬತ್ತೆರಡು ವರ್ಷ ಬದುಕಿ ನಮ್ಮನ್ನು ಕೇಳಿದ್ದು ಒಂದೇ ಒಂದು. ಸತ್ತ ಮೇಲೆ ತನ್ನ ತಾಯಿ ಲೀನಾಳ ಪಕ್ಕದಲ್ಲಿ ಮಣ್ಣು ಮಾಡಬೇಕು. ಅದನ್ನೂ ನಡೆಸಿಕೊಡಲು ನನ್ನಿಂದ ಆಗಲಿಲ್ಲ.

ಮಿಸೌರಿಯ ನಮ್ಮ ಚರ್ಚಿನ ಹಿಂದೆ ಬ್ರಾಕ್‌ಷ್ಮಿಟ್ ಮನೆತನದ ಸಮಾಧಿಗಳಿಗೆ ಪ್ರತ್ಯೇಕ ಕಬ್ಬಿಣದ ಬೇಲಿ ಇದೆ. ಅದರ ಬೀಗದ ಕೈ ಮನೆತನದ ಸಂಘದ ಅಧ್ಯಕ್ಷ ಎಲ್ರಾಯ್‌ನ ಜೇಬಿನಲ್ಲಿ. ಜರ್ಮನಿಯಿಂದ ಬಂದ ಹೈನ್ರಿಕ್ ಬ್ರಾಕ್‌ಷ್ಮಿಟ್ ಅವನ ಮುತ್ತಾತ. ನನ್ನ ಅಜ್ಜಿ ಲೀನಾ ಅದೇ ಹೈನ್ರಿಕ್‌ನ ಮೊದಲ ಹೆಂಡತಿಯ ಮಗಳು. ಎಲ್ರಾಯ್ ಎರಡನೆಯ ಹೆಂಡತಿಯ ಕಡೆಯವನು. ಅವನು ಅಚ್ಚು ಹಾಕಿಸಿದ ವಂಶದ ಪುಸ್ತಕದಲ್ಲಿ ಲೀನಾಳ ಬಗ್ಗೆ ಒಂದೇ ಸಾಲು: ‘ಮೊದಲ ಹೆಂಡತಿಯ ಕೂಸು, ಹೈನ್ರಿಕ್ ಸಾಕಿದ್ದು.’ ಅಂದರೆ ಹೈನ್ರಿಕ್‌ಗೆ ಹುಟ್ಟಿದವಳಲ್ಲ, ಮನೆತನದ ರಕ್ತವಲ್ಲ ಅಂತ.

ಅಮ್ಮನ ಹೆಣ ಇನ್ನೂ ಚರ್ಚಿನಲ್ಲಿದ್ದಾಗ ನಾನು ಅವನ ಮನೆ ಬಾಗಿಲಿಗೆ ಹೋಗಿ ಬೇಡಿಕೊಂಡೆ.

“ನೋಡು ಲೊರೀನಾ, ಲೀನಾಳನ್ನ ಒಳಗೆ ಬಿಟ್ಟಿದ್ದು ಹಳಬರ ದೊಡ್ಡ ಮನಸ್ಸು. ಈಗ ನಿಯಮ ಇದೆ. ಬ್ರಾಕ್‌ಷ್ಮಿಟ್ ರಕ್ತದೋರು, ಅವರನ್ನ ಕಟ್ಕೊಂಡೋರು, ಅಷ್ಟೇ. ಬೇಲಿಯಿಂದಾಚೆ ಮೂರೇ ಅಡಿ ಕಣೆ. ಸತ್ತೋರಿಗೇನು ಗೊತ್ತಾಗುತ್ತೆ?” ಅಂದ.

ಅಮ್ಮನನ್ನು ರಸ್ತೆ ಬದಿಯ ಹುಲ್ಲಿನಲ್ಲಿ ಹೂತೆವು. ಆ ಮಾತನ್ನು ನಾನು ಆರು ವರ್ಷ ಎದೆಯಲ್ಲಿ ಕೆಂಡದ ಹಾಗೆ ಇಟ್ಟುಕೊಂಡೆ. ಆರಲು ಬಿಡಲಿಲ್ಲ.

ಹೈನ್ರಿಕ್‌ನ ಊರು ಯಾವುದು ಎಂದರೆ ನಮ್ಮಲ್ಲಿ ಎಲ್ಲರೂ ಹೇಳುವುದು ಹ್ಯಾನೋವರ್. ಎಲ್ರಾಯ್ ಹ್ಯಾನೋವರ್ ನಗರಕ್ಕೇ ಹೋಗಿ, ಅಲ್ಲಿನ ಬೀದಿಯ ಕಲ್ಲೊಂದನ್ನು ಹೊತ್ತು ತಂದು ಸಮಾಧಿಯ ಗೇಟಿಗೆ ಕೂರಿಸಿದ್ದ. ಪೆದ್ದ! ನಮ್ಮ ಹಿರಿಯರು ಹ್ಯಾನೋವರ್ ಅಂದರೆ ಆಗಿನ ರಾಜ್ಯ, ನಗರವಲ್ಲ. ಆ ರಾಜ್ಯ ಅಳಿದೇ ನೂರಿಪ್ಪತ್ತು ವರ್ಷದ ಮೇಲಾಯಿತು. ನಾನು ಚರ್ಚಿನ ಹಳೆಯ ದಫ್ತರ ಕೆದಕಿದೆ. ಲೀನಾಳ ಮದುವೆಯ ದಾಖಲೆಯಲ್ಲಿ ಪಾದ್ರಿ ಅವಳು ಹುಟ್ಟಿದ ಊರನ್ನು ಬರೆದಿಟ್ಟಿದ್ದರು: ಡ್ರೆನ್‌ಲೋಹೆ.

ಈಗಿನ ಯಾವ ನಕ್ಷೆಯಲ್ಲೂ ಡ್ರೆನ್‌ಲೋಹೆ ಇಲ್ಲ. ಲೈಬ್ರರಿಯಿಂದ ಆ ರಾಜ್ಯದ ಕಾಲದ ಊರುಗಳ ಪಟ್ಟಿ ತರಿಸಿ, ಭೂತಗನ್ನಡಿ ಹಿಡಿದು ಚಳಿಗಾಲವಿಡೀ ಓದಿದೆ. ಕೊನೆಗೂ ಸಿಕ್ಕಿತು: ಹದಿನಾಲ್ಕು ಒಲೆಗಳ, ಅಂದರೆ ಹದಿನಾಲ್ಕೇ ಮನೆಗಳ ಹಳ್ಳಿ. ಆಮೇಲೆ ಅದನ್ನು ಪಕ್ಕದ ಊರಿಗೆ ಸೇರಿಸಿಬಿಟ್ಟಿದ್ದಾರೆ. ಈಗ ಆ ಹೆಸರು ಉಳಿದಿರುವುದು ಒಂದು ಬಸ್ ನಿಲ್ದಾಣಕ್ಕೆ ಮಾತ್ರ. ಪಕ್ಕದ ಊರಿನ ಚರ್ಚಿಗೆ ಕಾಗದ ಬರೆದೆ. ಎರಡು ತಿಂಗಳಿಗೆ ಉತ್ತರ ಬಂತು. ಓದಿ, ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ.

ಆಗಸ್ಟ್ ತಿಂಗಳ ಮನೆತನದ ಕೂಟಕ್ಕೆ ನಲವತ್ತು ಜನ ಸೇರಿದ್ದರು. ಊಟದ ಪ್ರಾರ್ಥನೆಯನ್ನು ಜರ್ಮನ್ ಭಾಷೆಯಲ್ಲೇ ಒಪ್ಪಿಸಿ, ಸಾಸೇಜು, ಆಲೂಗಡ್ಡೆ ಸಲಾಡ್ ತಿಂದು ಮುಗಿಸಿದ ಮೇಲೆ ಎಲ್ರಾಯ್ ಎಂದಿನಂತೆ ಎದ್ದು ನಿಯಮ ಓದಿದ. ವರ್ಷಕ್ಕೊಮ್ಮೆ ಓದುವುದು, ಕೈ ಎತ್ತಿ ಒಪ್ಪುವುದು, ಮತ್ತೆ ಮುಂದಿನ ಕೂಟದವರೆಗೆ ಒಂದಕ್ಷರ ಬದಲಿಸುವಂತಿಲ್ಲ. ಆ ಕಟ್ಟನ್ನು ಮಾಡಿದವನೂ ಅವನೇ. ನಲವತ್ತು ಕೈ ಎದ್ದವು. ನನ್ನದು ಎಲ್ಲರಿಗಿಂತ ಮೇಲೆ.

“ಏನೇ ಲೊರೀನಾ, ಈ ಸಲ ನೀನೂ?” ಅಂತ ಹಲ್ಲು ಕಿರಿದ.

“ಹೂಂ. ಚಿನ್ನದಂಥ ನಿಯಮ. ಈಗ ಇದನ್ನೊಂದು ಓದ್ತೀನಿ, ಕೇಳಿ,” ಅಂತ ಜರ್ಮನಿಯ ಆ ಚರ್ಚಿನಿಂದ ಬಂದ ಕಾಗದ ತೆಗೆದೆ.

ನಮ್ಮ ಹಿರಿಯರ ಆ ಸೀಮೆಯಲ್ಲಿ ಹೆಸರು ಮನುಷ್ಯನದಲ್ಲ, ಹೊಲಮನೆಯದು. ಮನೆಗೆ ಮಗಳೊಬ್ಬಳೇ ಇದ್ದರೆ, ಅವಳನ್ನು ಕಟ್ಟಿಕೊಂಡು ಬಂದವನು ತನ್ನ ಹೆಸರನ್ನು ಹೊಸಿಲಾಚೆ ಬಿಟ್ಟು ಆ ಮನೆಯ ಹೆಸರು ಹೊರಬೇಕು. ಕಾಗದದಲ್ಲಿ ಇದ್ದದ್ದು ಇಷ್ಟು: ಡ್ರೆನ್‌ಲೋಹೆಯ ಬ್ರಾಕ್‌ಷ್ಮಿಟ್ ಹೊಲಮನೆಯ ಒಬ್ಬಳೇ ಮಗಳು ಅನ್ನಾ. ಅವಳನ್ನು ಮದುವೆಯಾದವನು ಅದೇ ಮನೆಯ ಜೀತದಾಳು, ಹೈನ್ರಿಕ್ ಟ್ಯೋಲ್ಕೆ. ಮದುವೆಯ ದಿನದಿಂದ ಅವನು ಬ್ರಾಕ್‌ಷ್ಮಿಟ್. ಅವರಿಬ್ಬರಿಗೆ ಹುಟ್ಟಿದ ಒಂದೇ ಮಗು ಲೀನಾ. ಅನ್ನಾ ಬಾಣಂತನದಲ್ಲೇ ತೀರಿಕೊಂಡಳು. ಹೈನ್ರಿಕ್ ಬೇರೊಬ್ಬಳನ್ನು ಕಟ್ಟಿಕೊಂಡು, ಹೆಸರನ್ನೂ ಹಸುಗೂಸನ್ನೂ ಎತ್ತಿಕೊಂಡು ಹಡಗು ಹತ್ತಿದ.

ಓದಿ ಮುಗಿಸಿ ಎಲ್ರಾಯ್‌ನತ್ತ ತಿರುಗಿದೆ.

“ನೀನು ಬರೆದದ್ದು ಸರಿಯೇ ಎಲ್ರಾಯ್, ಲೀನಾ ಮೊದಲ ಹೆಂಡತಿ ಕೂಸು,” ಅಂದೆ. “ಬ್ರಾಕ್‌ಷ್ಮಿಟ್ ರಕ್ತ ಇದ್ದದ್ದೇ ಆ ಹೆಂಡತೀಲಿ. ಅದು ಲೀನಾಗೆ ಬಂತು, ನಮ್ಮಮ್ಮಂಗೆ ಬಂತು, ನಂಗೆ ಬಂತು. ನೀವೆಲ್ಲ ಟ್ಯೋಲ್ಕೆಗಳು. ಹೈನ್ರಿಕ್ ಒಳಗೇ ಇರ್ಲಿ ಬಿಡು, ಕಟ್ಕೊಂಡೋನು ತಾನೇ.”

ಎಲ್ರಾಯ್ ಕಾಗದ ಕಿತ್ತುಕೊಂಡು ಓದಿದ. ಮುದ್ರೆಯನ್ನು ತಿರುವಿ ನೋಡಿದ. ಅವನ ಕಿವಿಗಳು ಕೆಂಪಾದವು.

“ನಿಯಮ ತೆಗೆದುಬಿಡೋಣ,” ಎಂದ, ತೀರಾ ಸಣ್ಣ ದನಿಯಲ್ಲಿ.

“ಈಗಷ್ಟೇ ಕೈ ಎತ್ತಿದೀವಲ್ಲ. ಮುಂದಿನ ಆಗಸ್ಟ್‌ವರೆಗೂ ಮುಟ್ಟೋ ಹಾಗಿಲ್ಲ. ಕೊಡು ಬೀಗದ ಕೈ. ನಮ್ಮಮ್ಮನ್ನ ಒಳಗೆ ಕರ್ಕೊಂಡು ಬರ್ಬೇಕು.”

ಅವನಿಗೆ ಎಪ್ಪತ್ತೆಂಟು ವರ್ಷ. ಎದೆಗೆ ಎರಡು ಸಲ ಕತ್ತರಿ ಬಿದ್ದಿದೆ, ಮುಂದಿನ ಆಗಸ್ಟ್ ಅವನ ಕೈಯಲ್ಲಿಲ್ಲ. ಬೇಲಿಯೊಳಗೆ ಅವನ ಹೆಂಡತಿ ವಿಯೋಲಾ ಮಲಗಿದ್ದಾಳೆ. ಪಕ್ಕದಲ್ಲೇ ಅವನ ಹೆಸರು ಕೆತ್ತಿದ ಕಲ್ಲು, ಸತ್ತ ದಿನಕ್ಕೆ ಜಾಗ ಬಿಟ್ಟು ಕಾಯುತ್ತಿದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೈ ಚಾಚಿದೆ. ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಉಂಡಷ್ಟು ಹಿತವಾಯಿತು.

ಅವನು ಜೇಬು ತಡಕಿ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟ. ಇಟ್ಟರೂ ಬೆರಳು ಬಿಡಲಿಲ್ಲ.

“ನನ್ನ ವಿಯೋಲಾ ಒಳಗಿದ್ದಾಳೆ ಕಣೆ, ಲೊರೀನಾ.”

“ಬೇಲಿಯಿಂದಾಚೆ ಮೂರೇ ಅಡಿ ಕಣೋ,” ಅಂದೆ. “ಸತ್ತೋರಿಗೇನು ಗೊತ್ತಾಗುತ್ತೆ?”