ಮೊಳೆ ಕಿತ್ತ ತೂತು

"ಮಗ್ಗುಲಾಗ್ಬೇಡ ಕಣೇ. ಗ್ರಹಣ ಬಿಡೋವರೆಗೂ ನೆಟ್ಟಗೆ ಮಲಕ್ಕೊಂಡಿರು. ಕೈಕಾಲು ಮಡಚ್ಬೇಡ" ಎಂದು ಅತ್ತೆ ಭಾಗೀರಥಮ್ಮ ಬಾಗಿಲು ಎಳೆದುಕೊಂಡರು. ಚಿಲಕ ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಆರು ತಿಂಗಳ ಬಸುರಿ ಮೈತ್ರೇಯಿ ತಾನಾಗಿಯೇ ಬಂದು ಮಂಚದ ಮೇಲೆ ಮಲಗಿದ್ದಳು.

ಮಲ್ಲೇಶ್ವರದ ಆ ಹಳೇ ಮನೆಯಲ್ಲಿ ಬೆಳಗಿನಿಂದ ನೀರಿನ ಕೊಡ, ಉಪ್ಪಿನಕಾಯಿ ಜಾಡಿ, ಕೊನೆಗೆ ಫ್ರಿಜ್ಜಿನ ಮೇಲೂ ದರ್ಭೆ ಬಿದ್ದಿತ್ತು. ಕೋಣೆಯ ಕಿಟಕಿ ಮುಚ್ಚಿ, ಸಂದಿಗಳಿಗೆ ಪೇಪರ್ ತುರುಕಿದವನು ಗಂಡ ರಾಘವ. "ಅಮ್ಮನ ಸಮಾಧಾನಕ್ಕೆ ಕಣೇ. ಮೂರು ಗಂಟೆ ತಾನೇ?" ಎಂದು ಹೇಳಿ ಆಫೀಸಿಗೆ ಹೋಗಿದ್ದ. ಅವನಿಗೇನು, ಹೇಳಿ ಹೋದ!

ಇವಳೇನು ಓದುಬರಹ ಇಲ್ಲದವಳೇ? ಶೇಷಾದ್ರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. "ಸೂರ್ಯ ದೊಡ್ಡವನು, ದೂರದಲ್ಲಿದಾನೆ. ಚಂದ್ರ ಚಿಕ್ಕವನು, ಹತ್ತಿರದಲ್ಲಿದಾನೆ. ಹತ್ತಿರದವನು ಅಡ್ಡ ನಿಂತ್ರೆ ದೂರದವನು ಕಾಣಲ್ಲ. ಬರೀ ನೆರಳು ಕಣ್ರೋ" ಎಂದು ಹೋದ ವಾರ ತಾನೇ ಪಾಠ ಮಾಡಿದ್ದಳು. ಚಪ್ಪಲಿ ಡಬ್ಬಗಳಿಗೆ ಸೂಜಿಯಿಂದ ತೂತು ಮಾಡಿಸಿ, ಕತ್ತಲೆ ಡಬ್ಬದೊಳಗೆ ಸೂರ್ಯ ತಾನಾಗಿ ಬಂದು ಬೀಳುತ್ತಾನೆ ಎಂದು ಆಸೆ ಹುಟ್ಟಿಸಿದ್ದಳು. ಈಗ ಮಕ್ಕಳು ಡಬ್ಬ ಹಿಡಿದು ಮೈದಾನದಲ್ಲಿವೆ. ಮಿಸ್‌ಗೆ ಜ್ವರವಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ.

ಹಿಂದಿನ ಗ್ರಹಣದಲ್ಲಿ, ಆಗಲೂ ಬಸುರಿ, ಅತ್ತೆ ಬೇಡವೆಂದರೂ ಮಹಡಿ ಹತ್ತಿ ನೋಡಿದ್ದಳು. ಎರಡು ವಾರಕ್ಕೆ ಬಸಿರು ಇಳಿದುಹೋಯಿತು. "ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು, ಅಷ್ಟೇ" ಎಂದಿದ್ದರು ಡಾಕ್ಟರು. ಅತ್ತೆ ಆಗಲೂ, ಆಮೇಲೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು. ಬೈಯದವರ ಜೊತೆ ಹೇಗೆ ಗೆಲ್ಲುವುದು?

ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಅವಳಿಗೆ ಅದು ಕಂಡಿತು. ಕಿಟಕಿಯ ಕದದಲ್ಲಿ ಯಾವತ್ತೋ ಮೊಳೆ ಕಿತ್ತುಹೋದ ತೂತು ರಾಘವನ ಕಣ್ಣಿಂದ ತಪ್ಪಿಸಿಕೊಂಡಿತ್ತು. ಅದರೊಳಗಿಂದ ಬೆಳಕಿನ ಎಳೆಯೊಂದು ಇಳಿದು ಅವಳ ಹೊಟ್ಟೆಯ ಮೇಲೆ, ಸೀರೆಯ ನೆರಿಗೆಯ ಪಕ್ಕ, ನಾಲ್ಕಾಣೆಯಷ್ಟಗಲ ನಿಂತಿತ್ತು. ದುಂಡಗಿರಲಿಲ್ಲ. ಒಂದು ಕಡೆ ಯಾರೋ ಕಚ್ಚಿದ ಹಾಗಿತ್ತು.

ಎಷ್ಟು ಚೆನ್ನಾಗಿ ಬಂದಿದೆ, ಮಕ್ಕಳಿಗೆ ತೋರಿಸಬೇಕಿತ್ತು ಎಂದು ಮೊದಲು ಅನ್ನಿಸಿತು. ಆಮೇಲೆ ಕಚ್ಚು ದೊಡ್ಡದಾಯಿತು. ಹೊಟ್ಟೆಯೊಳಗೆ ಮಗು ಒದೆಯಿತು. ಪಕ್ಕಕ್ಕೆ ಸರಿದರೆ ನೆಟ್ಟಗೆ ಮಲಗಿದ ಹಾಗಾಗುವುದಿಲ್ಲ. ಕೈ ಅಡ್ಡ ಹಿಡಿದರೆ ತೋಳು ಮಡಚಬೇಕು. ಛೀ, ಏನು ಯೋಚಿಸುತ್ತಿದ್ದೇನೆ ಎಂದು ತನ್ನ ಮೇಲೇ ರೇಗಿಕೊಂಡಳು. ರೇಗಿಕೊಂಡರೂ ಅಲುಗಲಿಲ್ಲ.

"ಅತ್ತೇ!" ಎಂದು ಕೂಗಿಯೇಬಿಟ್ಟಳು. "ಬೆಳಕು ಬರ್ತಿದೆ ಅತ್ತೆ. ಮೇಲೆ ಬೀಳ್ತಿದೆ."

ಬಾಗಿಲಾಚೆ ಮಣೆ ಹಾಕಿಕೊಂಡು ಜಪಕ್ಕೆ ಕೂತಿದ್ದ ಭಾಗೀರಥಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದರು. ಹೊಟ್ಟೆಯ ಮೇಲಿದ್ದದ್ದನ್ನು ನೋಡಿದರು. ಪೇಪರ್ ಹುಡುಕಲಿಲ್ಲ, ಬಟ್ಟೆ ಹುಡುಕಲಿಲ್ಲ. ಸರಸರ ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಹೋಯ್ತಾ?"

"ಹೋಯ್ತು."

"ಹೆದರ್ಕೋಬೇಡ. ಹೋದ್ಸಲ ಬಾಯಲ್ಲಿ ಬೇಡ ಅಂದೆನೇ ಹೊರತು ಅಡ್ಡ ನಿಂತು ನಿನ್ನ ತಡೀಲಿಲ್ಲ. ತಡೆದಿದ್ರೆ ನೀನು ನಿಲ್ತಿದ್ದೆ" ಎಂದರು ಭಾಗೀರಥಮ್ಮ. "ಈ ಸಲ ಪೂರ್ತಿ ಮುಗಿಯೋವರೆಗೂ ಇಲ್ಲೇ ನಿಂತಿರ್ತೀನಿ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನಬೇಕು. ಟೀಚರು ಅದನ್ನಲ್ಲದೆ ಇನ್ನೇನು ಹೇಳಬೇಕು? ಆದರೆ ನೆರಳು ಬಿದ್ದ ಕ್ಷಣವೇ ಎದೆ ಹಗುರವಾಗಿತ್ತು. ಅದಕ್ಕೇ ನಾಚಿಕೆಯಾಗಿ ಅಳು ಬಂತು.

ಹಾಸಿಗೆಯ ಮೇಲೆ ಕೈಯ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ತೋಳು ಮಡಚದೆ ಬೆರಳಲ್ಲೇ ಒತ್ತಿ ಸ್ಪೀಕರಿಗೆ ಹಾಕಿದಳು. ಹಿಂದೆ ಮೈದಾನದ ಗಲಾಟೆ. "ಮಿಸ್, ಆರಾಧನಾ ಮಾತಾಡ್ತಿರೋದು! ನಮ್ಮ ಡಬ್ಬದಲ್ಲಿ ಬಂತು ಮಿಸ್! ನಿಮ್ಮನೇಲೂ ಕಾಣಿಸ್ತಿದೆಯಾ?"

ಮಂಡಿನೋವಿಗೆ ಭಾಗೀರಥಮ್ಮ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ತೆಳ್ಳಗಾದ ಸೂರ್ಯ ಅವರ ಭುಜ ದಾಟಿ ಮತ್ತೆ ಸೀರೆಯ ಮೇಲೆ ಬಿದ್ದ. ಅವರು ತಟ್ಟನೆ ಸರಿದು ಮತ್ತೆ ಅಡ್ಡ ನಿಂತರು.

"ಇಲ್ಲ ಪುಟ್ಟಾ" ಎಂದಳು ಮೈತ್ರೇಯಿ, "ಇಲ್ಲಿ ಕಾಣಿಸ್ತಿಲ್ಲ."