ರಾಚಮ್ಮನ ಮಹಡಿ ಮತ್ತು ನೆರೆಯ ಗೆರೆ

ಬೀಚನಹಳ್ಳಿ ಅಣೆಕಟ್ಟೆಯಿಂದ ಕೆಳಕ್ಕೆ, ಕಬಿನಿ ದಂಡೆಯ ಮಡುವಿನಕೊಪ್ಪಲಿನಲ್ಲಿ ರಾಚಮ್ಮನಿಗೆ ಇದ್ದದ್ದು ಒಂದೇ ಆಸೆ. ಮನೆಯ ಮೇಲೊಂದು ಮಹಡಿ ಎತ್ತಬೇಕು. ದೊಡ್ಡದೇನಲ್ಲ, ಒಂದು ಕೋಣೆ, ಮುಂದೆ ಕಾಲು ಚಾಚಿ ಕೂರುವಷ್ಟು ಜಾಗ. ಆದರೆ ಕೇಳಿದಾಗಲೆಲ್ಲ ಪಂಚಾಯಿತಿಯವರು ಗೋಡೆಗೆ ತಗುಲಿಹಾಕಿದ್ದ ನೆರೆ ನಕ್ಷೆಯ ಕಡೆ ಕೈ ತೋರಿಸುತ್ತಿದ್ದರು. ಅಣೆಕಟ್ಟೆಯ ಗೇಟುಗಳನ್ನೆಲ್ಲ ತೆಗೆದರೆ ನೀರು ಎಲ್ಲಿಯವರೆಗೆ ಬರಬಹುದು ಎಂದು ಯಾವ ಕಾಲದಲ್ಲೋ ಎಳೆದ ಕೆಂಪು ಗೆರೆ ಅದರಲ್ಲಿತ್ತು. ಗೆರೆಯೊಳಗಿನ ಮನೆಗೆ ಒಂದು ಇಟ್ಟಿಗೆ ಸೇರಿಸುವುದಕ್ಕೂ ಅಪ್ಪಣೆಯಿಲ್ಲ. ರಾಚಮ್ಮನ ಮನೆ ಗೆರೆಯ ಒಳಗಿತ್ತು. ಒಂದು ಎತ್ತಿನ ಗಾಡಿ ಹೆಣಗಾಡಿ ಹೋಗುವಷ್ಟು ಕಿರಿದಾದ ಓಣಿಯ ಆಚೆ, ಓರಗಿತ್ತಿ ತಿಮ್ಮಮ್ಮನ ಮನೆ ಗೆರೆಯ ಹೊರಗಿತ್ತು.

ತಿಮ್ಮಮ್ಮ ಮಹಡಿ ಕಟ್ಟಿಸಿ ಎಷ್ಟೋ ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಸಂಜೆ ಹೊತ್ತು ಮೇಲೆ ಕೂತು ತಲೆ ಬಾಚಿಕೊಳ್ಳುತ್ತ, ಕೆಳಗೆ ಅಂಗಳ ಗುಡಿಸುವ ರಾಚಮ್ಮನ ಮೇಲೆ ಮಾತು ಉದುರಿಸುತ್ತಿದ್ದಳು.

"ಇಲ್ಲಿ ಏನ್ ಗಾಳಿ ಅಂತೀಯ ಕಣೆ ರಾಚಿ. ನಿಂಗೆಲ್ಲಿ ಗೊತ್ತಾಯ್ತದೆ ಬುಡು."

ರಾಚಮ್ಮ ಪೊರಕೆಯನ್ನು ಇನ್ನೂ ಜೋರಾಗಿ ಆಡಿಸುತ್ತಿದ್ದಳು, ಧೂಳಾದರೂ ಮೇಲಕ್ಕೆ ಹೋಗಲಿ ಎಂದು.

ಎರಡು ಸಾವಿರದ ಆರನೇ ಇಸವಿಯ ಬೇಸಗೆಯಲ್ಲಿ ನಕ್ಷೆ ತಿದ್ದುವುದಕ್ಕೆ ಹೊಸ ಸರ್ವೆ ಬಂತು. ರಮ್ಯ ಎಂಬ ಇಂಜಿನಿಯರು ಹುಡುಗಿ ಮುಕ್ಕಾಲಿಯ ಮೇಲೆ ದುರ್ಬೀನು ನಿಲ್ಲಿಸಿಕೊಂಡು, ಅಳತೆ ಕೋಲು ಹಿಡಿದವರನ್ನು ಓಣಿ ಓಣಿಗೂ ಓಡಾಡಿಸಿದಳು. ಹಳೆಯ ನಕ್ಷೆ ಬರೆದವರು ಹೊಳೆಯಿಂದ ಎಷ್ಟು ದೂರ ಎಂದು ನೋಡಿದ್ದರೇ ಹೊರತು, ನೆಲ ಎಷ್ಟು ಎತ್ತರ ಎಂದು ನೋಡಿರಲಿಲ್ಲ. ರಾಚಮ್ಮನ ಮನೆ ಇದ್ದದ್ದು ಹಿಂದಿನ ಮಣ್ಣು ಕೋಟೆಯ ದಿಬ್ಬದ ಮೇಲೆ. ತಿಮ್ಮಮ್ಮನದು ಹೂಳು ತುಂಬಿ ಮುಚ್ಚಿಹೋದ ಹಳೆಯ ಕೆರೆಯ ತಗ್ಗಿನಲ್ಲಿ. ಹಿತ್ತಲ ಹಳ್ಳದಿಂದ ನೀರು ಸುತ್ತಿಕೊಂಡು ಬಂದರೆ ಮೊದಲು ನುಗ್ಗುವುದೇ ಅಲ್ಲಿಗೆ. ಹೊಸ ಗೆರೆ ಓಣಿಯ ಗುಂಟವೇ ಹೋಯಿತು. ರಾಚಮ್ಮ ಹೊರಗೆ, ತಿಮ್ಮಮ್ಮ ಒಳಗೆ.

ರಮ್ಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ ಕೂಡಲೇ ರಾಚಮ್ಮ ಸೆರಗು ಸಿಕ್ಕಿಸಿ ಹೊಲಕ್ಕೆ ಓಡಿದಳು. ಗಂಡ ಕಾಂತರಾಜು ಬದನೆ ಸಾಲಿಗೆ ನೀರು ಕಟ್ಟುತ್ತಿದ್ದ.

"ನಾವು ಆಚೆ ಬಂದ್ವಿ ಕಣ್ರೀ."

"ಎಲ್ಲಿಂದ?"

"ನೀರಿಂದ."

ಕಾಂತರಾಜು ಕೆಸರಲ್ಲಿ ಹೂತಿದ್ದ ತನ್ನ ಕಾಲನ್ನೇ ನೋಡಿಕೊಂಡ. ರಾಚಮ್ಮ ಅವನ ಕೈಯಿಂದ ಗುದ್ದಲಿ ಕಿತ್ತು ಬದುವಿನ ಮೇಲೆಸೆದು, ಅದೇ ಕೆಸರಿಗಿಳಿದು, ಐವತ್ತು ದಾಟಿದವಳು ಎಂಬುದನ್ನು ಮರೆತು ಪಚಪಚನೆ ಕುಣಿದಳು. ಮನೆಗೆ ಬಂದು ಇದ್ದಿಲಿನಿಂದ ನಡುಮನೆಯ ಗೋಡೆಯ ಮೇಲೆ ಮಹಡಿಯ ಚಿತ್ರ ಬರೆದಳು. ಕಿಟಕಿ ಸಾಲದೆನಿಸಿ ಇನ್ನೊಂದು ಬರೆದಳು, ಮತ್ತೊಂದು ಬರೆದಳು. ಕೊನೆಗೆ ಗೋಡೆಗಿಂತ ಕಿಟಕಿಯೇ ಹೆಚ್ಚಾಯಿತು. ಅಂದಿನ ಸಾರಿಗೆ ಉಪ್ಪು ಬೀಳಲಿಲ್ಲ. ಕಾಂತರಾಜು ಉಪ್ಪಿನ ಡಬ್ಬಿ ಹತ್ತಿರಕ್ಕೆಳೆದುಕೊಂಡು ಉಂಡ.

ಸಂಜೆಯಾಗುತ್ತಲೇ ಅವಳು ಏಣಿ ಹಾಕಿಕೊಂಡು ಬರೀ ತಾರಸಿಗೆ ಹತ್ತಿದಳು. ಚಾಪೆ ಹಾಸಿ, ಬಾಚಣಿಗೆ ತೆಗೆದು, ಎದುರು ಮಹಡಿಗೆ ಮುಖ ಮಾಡಿ ಕೂತಳು. ಗಾಳಿಯ ವಿಷಯವಾಗಿ ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಎದುರು ಮಹಡಿಗೆ ಯಾರೂ ಬರಲಿಲ್ಲ. ಮಾರನೆಯ ಸಂಜೆಯೂ ಬರಲಿಲ್ಲ. ತಲೆಯಲ್ಲಿ ಬಾಚಲು ಇನ್ನೇನೂ ಉಳಿದಿರಲಿಲ್ಲ.

ತಿಮ್ಮಮ್ಮನ ಮನೆಯ ಕೆಳಗಿನ ಕೋಣೆಯಲ್ಲಿ ಹಾಲಿನ ಡೈರಿ ನಡೆಯುತ್ತಿತ್ತು. ನೆರೆ ಗೆರೆಯೊಳಗೆ ಡೈರಿ ಇಡುವಂತಿಲ್ಲ, ಬೇರೆ ಕಡೆ ಹೋಗುತ್ತೇವೆ ಎಂದು ಸಂಘದವರು ಹೇಳಿಬಿಟ್ಟಿದ್ದರು. ಹಾಲು ಹಾಕಲು ಬರುವ ಹೆಂಗಸರ ಗಲಗಲವೇ ಆ ಒಂಟಿ ಮನೆಗೆ ಬೆಳಗು, ಬೈಗು ಎಲ್ಲ ಆಗಿತ್ತು. ಇದನ್ನು ಕೇಳಿದ ರಾಚಮ್ಮ ಒಂದು ತಪ್ಪಲೆ ಪಾಯಸ ಹಿಡಿದು ಓಣಿ ದಾಟಿದಳು.

"ಆಡ್ಕೊಳಕ್ ಬಂದ್ಯಾ?" ಎಂದಳು ತಿಮ್ಮಮ್ಮ, ಬಾಗಿಲು ಅರ್ಧ ತೆಗೆದು.

"ಊ ಕಣಕ್ಕ, ಆಡ್ಕೊಳಕೇ ಬಂದೆ. ನೀನು ಮ್ಯಾಕ್ಕೇ ಬರಾಕಿಲ್ಲ ಅಂದ್ರೆ ನಾನ್ ಯಾರ್ನ ಆಡ್ಕೊಳ್ಲಿ?"

ತಿಮ್ಮಮ್ಮ ಮುಖ ಗಂಟು ಹಾಕಿಕೊಂಡೇ ಇರಲು ನೋಡಿದಳು. ತುಟಿ ಕೇಳಲಿಲ್ಲ. ಪಾಯಸ ಮುಗಿಯುವ ಹೊತ್ತಿಗೆ ಇಬ್ಬರೂ ಎಚ್.ಡಿ. ಕೋಟೆ ಬಸ್ಸು ಹಿಡಿಯುವುದೆಂದು ತೀರ್ಮಾನವಾಗಿತ್ತು.

ಕೋಟೆಯ ಕಚೇರಿಯಲ್ಲಿ ರಮ್ಯ ಇಬ್ಬರನ್ನೂ ಕೂರಿಸಿ ಕಾಫಿ ತರಿಸಿದಳು. "ಗೆರೆ ಅಳಿಸೋಕಾಗಲ್ಲಮ್ಮ, ನೀರು ಅಲ್ಲಿಗೆ ಬಂದೇ ಬರುತ್ತೆ. ಆದ್ರೆ ಕೆಳಗಡೆ ಯಾರೂ ಮಲಗಬಾರದು, ನೀರು ಬಂದಾಗ ಮೇಲಿಂದಾನೇ ಒಣ ನೆಲಕ್ಕೆ ದಾಟೋ ದಾರಿ ಇರಬೇಕು. ಅಷ್ಟಿದ್ರೆ ಡೈರಿ ಅಲ್ಲೇ ಇರಬಹುದು."

"ಮ್ಯಾಲಿಂದ ಎಲ್ಲಿಗವ್ವ ದಾರಿ? ಆಕಾಸಕ್ಕಾ?" ಎಂದಳು ತಿಮ್ಮಮ್ಮ.

ರಾಚಮ್ಮನ ಕೈಯಲ್ಲಿ ಕಾಫಿ ಲೋಟ ನಿಂತಲ್ಲೇ ನಿಂತಿತು. "ನಾ ಕಟ್ಟೋ ಮಹಡಿಗೆ," ಎಂದಳು. "ಅಲ್ಲಿಂದ ಮೆಟ್ಲು ಇಳಿದ್ರೆ ಹಿತ್ಲು ಬಾಗ್ಲು, ಆಮೇಲೆ ಮೇಲ್ಬೀದಿ. ನಡುವೆ ಒಂದು ಓಣಿ ತಾನೆ? ಹಲಗೆ ಹಾಕಿದ್ರಾಯ್ತು."

ರಮ್ಯ ಅವರಿಬ್ಬರನ್ನೂ ನೋಡಿದಳು, ನಕ್ಷೆಯನ್ನು ನೋಡಿದಳು. ಬೇಡ ಎನ್ನುವುದಕ್ಕೆ ಕಾರಣ ಹುಡುಕಿದಳು, ಸಿಗಲಿಲ್ಲ. "ಗಟ್ಟಿಯಾಗಿ ಹಾಕಿ," ಎಂದಳು.

ವಾಪಸು ಬಸ್ಸಿನಲ್ಲಿ ಒಬ್ಬಳು "ಹಲಗೆ" ಎಂದರೆ ಸಾಕು, ಇನ್ನೊಬ್ಬಳು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕಂಡಕ್ಟರ್ ಟಿಕೇಟು ಕೊಟ್ಟವನು ದೂರದ ಸೀಟಿನ ಬಳಿ ಹೋಗಿ ನಿಂತ.

ಮಹಡಿ ಎದ್ದಿತು. ಕಾಂತರಾಜು ಮರಳು ಹೊರುತ್ತಲೇ, "ರೂಮು ಅಂದಿದ್ದೆ, ಸೇತ್ವೆ ಯಾವಾಗ ಸೇರ್ತು?" ಎಂದು ಒಮ್ಮೆ ಕೇಳಿದ. ಎರಡು ಕಬ್ಬಿಣದ ತೊಲೆ, ಮೇಲೆ ಹೊನ್ನೆ ಹಲಗೆ, ಎರಡೂ ಕಡೆ ಕಂಬಿ. ಬಣ್ಣದ ವಿಷಯಕ್ಕೆ ಓರಗಿತ್ತಿಯರು ಹಗಲಿಡೀ ಜಗಳವಾಡಿದರು. ತಿಮ್ಮಮ್ಮನ ಕಡೆಯ ಅರ್ಧ ಹಸಿರಾಯಿತು, ರಾಚಮ್ಮನ ಕಡೆಯ ಅರ್ಧ ಅರಿಶಿನ. ರಮ್ಯ ಬಂದು ನಡುವೆ ನಿಂತು ಸಣ್ಣಗೆ ಎಗರಿ ನೋಡಿದಳು. ಆಮೇಲೆ, ಬೇಕಿಲ್ಲದಿದ್ದರೂ, ಇನ್ನೊಮ್ಮೆ ಎಗರಿದಳು.

ಆಷಾಢದಲ್ಲಿ ವಯನಾಡಿನ ಕಡೆ ಮಳೆ ಹಿಡಿದು ಅಣೆಕಟ್ಟೆಯ ಗೇಟುಗಳು ತೆರೆದವು. ಹಳ್ಳ ಹಿಂದಕ್ಕೆ ಉಬ್ಬಿ, ಬೆಳಗಾಗುವಷ್ಟರಲ್ಲಿ ಕೆಂಪು ನೀರು ತಿಮ್ಮಮ್ಮನ ಹೊಸಿಲು ದಾಟಿ ಓಣಿ ತುಂಬಿ, ರಾಚಮ್ಮನ ಜಗಲಿಯ ಬುಡದಲ್ಲಿ ನಿಂತಿತು. ಡೈರಿಯನ್ನು ಹಿಂದಿನ ದಿನವೇ ಅವಳ ಮಹಡಿಗೆ ಸಾಗಿಸಿದ್ದರು. ಊರ ಹೆಂಗಸರೆಲ್ಲ ಮೇಲ್ಬೀದಿಯಿಂದ ರಾಚಮ್ಮನ ಹಿತ್ತಲು ಹೊಕ್ಕು, ಮೆಟ್ಟಿಲು ಹತ್ತಿ, ಚೆಂಬು ಕ್ಯಾನು ಹಿಡಿದು ಒಬ್ಬೊಬ್ಬರಾಗಿ ಹಲಗೆ ದಾಟಿದರು. ಒಂದೇ ಸಲ ಹಾಲು ಹಾಕಿದವರೂ ಏನೋ ಮರೆತೆವು ಎಂದು ಎರಡೆರಡು ಸಲ ದಾಟಿದರು. ಆಚೆ ತುದಿಯಲ್ಲಿ ತಿಮ್ಮಮ್ಮ ಅಳತೆ ಪಾತ್ರೆ ಹಿಡಿದು ಎಲ್ಲರ ಮೇಲೂ ಜೋರು ಮಾಡುತ್ತಿದ್ದಳು.

ತುಂಬಿದ ಕ್ಯಾನು ಹಿಡಿದು ಹಲಗೆಯ ನಡುವಿಗೆ ಬಂದ ರಾಚಮ್ಮ ಕೆಳಗೆ ನೋಡಿದಳು. ತನ್ನದೇ ಪೊರಕೆ ತೇಲಿಕೊಂಡು ತಿಮ್ಮಮ್ಮನ ಬಾಗಿಲೊಳಕ್ಕೆ ನೆಟ್ಟಗೆ ಹೋಗುತ್ತಿತ್ತು. ಅವಳಿಗೆ ಹೊಟ್ಟೆಯ ತಳದಿಂದ ನಗು ಕಿತ್ತುಕೊಂಡು ಬಂತು. ನಿಲ್ಲಿಸಲಾಗಲಿಲ್ಲ. ಕಂಬಿ ಹಿಡಿದು ಬಗ್ಗಿದಳು, ಹಲಗೆ ಅದುರಿತು.

"ಅಲ್ಲಾಡ್ಬ್ಯಾಡ ಕಣೆ, ಹಾಲು ಚೆಲ್ತದೆ," ಎಂದು ಗದರಿದ ತಿಮ್ಮಮ್ಮ, ಕ್ಯಾನು ಇಸಿದುಕೊಳ್ಳಲು ಹಲಗೆಯ ಮೇಲೆ ಕಾಲಿಟ್ಟವಳು, ಪೊರಕೆಯನ್ನು ಕಂಡು ತಾನೂ ಕಂಬಿ ಹಿಡಿದುಕೊಂಡಳು.