ಕಪ್ತಾನ ಹೊರಟ ಬಾಗಿಲು

“ಎಡಕ್ಕೆ, ಎಡಕ್ಕೆ... ನಿಮ್ಮ ಎಡಕ್ಕಲ್ಲಪ್ಪಾ, ನನ್ನ ಎಡಕ್ಕೆ,” ಎಂದು ಬಡಗಿ ಗೋಡೆಗೆ ಬೆನ್ನೊತ್ತಿಕೊಂಡು ಹೇಳಿದ.

ಶವಪೆಟ್ಟಿಗೆ ಪ್ಯಾಸೇಜಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಮುಂದಿನ ತುದಿ ಪುಸ್ತಕದ ಕಪಾಟಿಗೆ ತಾಗಿತ್ತು. ಹಿಂದಿನ ತುದಿ ಗೋಡೆಯ ಸುಣ್ಣ ಕೆರೆಯುತ್ತಿತ್ತು. ಹೊತ್ತವರು ಮುಂದೆ ಹೋಗಲಾರದೆ, ಹಿಂದೆ ಸರಿಯಲಾರದೆ ಏದುಸಿರು ಬಿಡುತ್ತಿದ್ದರು. ಒಳಗೆ ಮಲಗಿದ್ದವನಿಗೆ ಮಾತ್ರ ಅವಸರವಿರಲಿಲ್ಲ.

ಇನ್ನೊಮ್ಮೆ ತಳ್ಳಿದಾಗ ಕಪಾಟು ಅಲುಗಿ ಒಂದು ಪುಸ್ತಕ ಕೆಳಗೆ ಬಿತ್ತು. ಮುಂದಿನ ಹಜಾರದಲ್ಲಿ ಕೂತಿದ್ದ ಮೂವರು ಹಿರಿಯರು ಒಟ್ಟಿಗೇ ಎದ್ದು ಓಡಿಬಂದರು. ಪೆಟ್ಟಿಗೆ ವಾಲಿತ್ತು, ಹೊತ್ತವರಲ್ಲಿ ಒಬ್ಬನ ಕೈ ಗೋಡೆಗೆ ಸಿಕ್ಕಿ ಜಜ್ಜಿಹೋಗಿತ್ತು. ಮೂವರೂ ಬಗ್ಗಿ ಪುಸ್ತಕವನ್ನೆತ್ತಿಕೊಂಡು ಅದರ ಮೂಲೆಗಳನ್ನು ನೋಡಿದರು.

“ಏನೂ ಆಗಿಲ್ಲ, ಸದ್ಯ,” ಎಂದ ಅವರಲ್ಲೊಬ್ಬ.

“ಪೆಟ್ಟಿಗೆ ವಾಪಸ್ ಕೋಣೆಗೆ ತಗೊಂಡು ಹೋಗಿ,” ಎಂದಳು ಸತ್ತವನ ಮಗಳು. “ಕೈ ಸೋತಿದೆ ನಿಮಗೆ. ಸ್ವಲ್ಪ ಕೂತ್ಕೊಳ್ಳಿ.”

ಅಡುಗೆಮನೆಯ ಬಾಗಿಲಲ್ಲಿ ಅವಳ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಅಲ್ಲಯ್ಯಾ, ಪೆಟ್ಟಿಗೆ ಮಾಡಿದವನೂ ನೀನೇ, ಕಪಾಟು ಮಾಡಿದವನೂ ನೀನೇ. ಒಂದರ ಪಕ್ಕ ಇನ್ನೊಂದು ಹೋಗಲ್ಲ ಅಂತ ಗೊತ್ತಾಗಲಿಲ್ವಾ?”

“ಮನುಷ್ಯನ ಅಳತೆ ತಗೊಂಡೆ ಕಣಮ್ಮಾ,” ಎಂದ ಬಡಗಿ ತಲೆ ತಗ್ಗಿಸಿ. “ದಾರಿಯ ಅಳತೆ ತಗೊಳ್ಳೋದು ಮರೆತೆ.”

“ನಿನ್ನನ್ನ ಅಂದು ಏನು ಫಲ, ಬಿಡು. ಈ ಮನೇಲಿ ಮನುಷ್ಯರು ಓಡಾಡ್ತಾರೆ ಅನ್ನೋದೇ ಎಲ್ಲರಿಗೂ ಮರೆತುಹೋಗಿತ್ತು.”

ಸತ್ತವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಊರಿನ ನಲ್ಲಿಗಳಿಗೆ ಬಿಲ್ಲು ಬರೆದೇ ಆಯುಷ್ಯ ಕಳೆದಿದ್ದ. ಸಂಬಳ ಬಂದಾಗಲೆಲ್ಲ ಕಡಲಿನ ಮೇಲೆ, ಹಡಗುಗಳ ಮೇಲೆ ಹಿಂದಿನವರು ಬರೆದ ಹಳೆಯ ಪುಸ್ತಕಗಳನ್ನು ಕೊಳ್ಳುತ್ತಿದ್ದ. ಬಂದರುಗಳ ದಾರಿ ಹೇಳುವ ಪುಸ್ತಕ, ಹಗ್ಗದ ಗಂಟುಗಳ ಪುಸ್ತಕ, ಮುಳುಗಿದ ಹಡಗುಗಳ ಕಥನ, ಹೀಗೆ. ಮೊದಲು ಮಲಗುವ ಕೋಣೆ ತುಂಬಿತು, ಆಮೇಲೆ ಹಜಾರ, ಆಮೇಲೆ ಪ್ಯಾಸೇಜಿನ ಎರಡೂ ಬದಿ. ಮನೆಯವರು ಅಡ್ಡಡ್ಡ ನಡೆಯುವುದನ್ನು ಕಲಿತರು. ಬೀದಿಯವರು ಅವನನ್ನು ಕಪ್ತಾನ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಗೌರವವಿದೆ ಎಂದು ಅವನೊಬ್ಬನೇ ತಿಳಿದಿದ್ದ.

ಓಡಿಬಂದ ಮೂವರು ಹಳೆಯ ಪುಸ್ತಕಗಳ ಸಂಗ್ರಹಕಾರರ ಸಂಘದವರು: ಸಂಘದ ಅಧ್ಯಕ್ಷ, ಒಬ್ಬ ಹಲ್ಲಿನ ವೈದ್ಯ, ಒಬ್ಬ ಹಳೆಪುಸ್ತಕದ ವ್ಯಾಪಾರಿ. ನೆಂಟರಿಗಿಂತ ಮೊದಲೇ ಬಂದಿದ್ದರು. ಸತ್ತವನ ಮುಖವನ್ನು ಬಾಗಿಲಿನಿಂದಲೇ ನೋಡಿ, ಕಪಾಟುಗಳನ್ನು ಹತ್ತಿರದಿಂದ ನೋಡಿದ್ದರು. ಕೈ ತೊಳೆಯಲು ನೀರು ಕೇಳಿದಾಗ, ಹೆಣ ಮುಟ್ಟಲಿದ್ದಾರೆಂದು ಮಗಳು ತಿಳಿದಳು. ಅವರು ಕೈ ತೊಳೆದದ್ದು ಪುಸ್ತಕ ಮುಟ್ಟಲು.

ಬಡಗಿ ಬಿದ್ದ ಪುಸ್ತಕದ ಕಡೆ ನೋಡಿ, “ಇದರ ಹಾಳೆಗಳೆಲ್ಲ ಅಂಚಿನಲ್ಲಿ ಅಂಟಿಕೊಂಡಿವೆಯಲ್ಲ ಸ್ವಾಮಿ, ಹಾಳಾಗಿದೆಯಾ?” ಎಂದು ಕೇಳಿದ.

“ಅಂಟಿಲ್ಲ ಮಾರಾಯ,” ಎಂದ ವ್ಯಾಪಾರಿ. “ಆಗ ದೊಡ್ಡ ಹಾಳೆ ಮಡಚಿ ಹಾಗೇ ಹೊಲೀತಿದ್ರು. ಕೊಂಡವನು ಚಾಕು ಹಾಕಿ ಬಿಡಿಸ್ಕೊಂಡು ಓದಬೇಕು. ಬಿಡಿಸದೆ ಉಳಿದಿದ್ರೆ ಬೆಲೆ ಜಾಸ್ತಿ.”

“ಅಂದ್ರೆ, ಯಾರೂ ಓದಿಲ್ಲ ಅನ್ನೋದಕ್ಕೇ ಬೆಲೆ?”

“ಹಾಗಂತಲೇ ಇಟ್ಕೋ.”

“ಓದದೆ ಇರೋ ಪುಸ್ತಕ ನಮ್ಮನೇಲೂ ಬೇಕಾದಷ್ಟಿವೆ. ನನ್ನ ಮಗನ ಪಠ್ಯಪುಸ್ತಕಗಳು. ಒಂದಿನ ಬಂದು ನೋಡಿ.”

ಹೊತ್ತವರು ನಕ್ಕರು. ಮೂವರೂ ನಗಲಿಲ್ಲ.

ಅಧ್ಯಕ್ಷ ಗಂಟಲು ಸರಿಮಾಡಿಕೊಂಡು ಮಗಳ ಹತ್ತಿರ ಬಂದ. “ನೋಡಮ್ಮಾ, ತಪ್ಪು ತಿಳ್ಕೋಬೇಡ. ಮುಂಬಾಗಿಲೇ ಯಾಕೆ? ಕೋಣೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಲ ಬಾಗಿಲು, ನೇರ ದಾರಿ ಇದೆ. ಕಪಾಟು ಕದಲಿಸಿದ್ರೆ ಹಳೇ ರಟ್ಟುಗಳು ತಡೆಯಲ್ಲ. ಇಡೀ ಸಂಗ್ರಹ ಸಂಘಕ್ಕೇ ಅಂತ ನಿಮ್ಮ ತಂದೆ ಮಾತು ಕೊಟ್ಟಿದ್ರು. ಅವರ ಆತ್ಮಕ್ಕೂ ಇದು ಒಪ್ಪಿಗೆಯಾಗಲ್ಲ.”

“ನಾನೂ ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀನಿ,” ಎಂದಳು ಚಿಕ್ಕಮ್ಮ. “ಹಿತ್ತಲ ಬಾಗಿಲಿಂದಲೇ ಹೋಗ್ಲಿ ಭಾವ. ನಮ್ಮಕ್ಕ ಹೋದ ದಾರಿ. ಚರಂಡಿ ಪಕ್ಕ, ಕಸದ ಡಬ್ಬಿಗಳ ಮಧ್ಯ. ಎರಡು ಕಣ್ಣು ತುಂಬ ನೋಡ್ತೀನಿ.”

ಅಧ್ಯಕ್ಷನಿಗೆ ಬೇರೆ ಕಾರಣಗಳು ಬೇಕಿರಲಿಲ್ಲ. “ಮನೆಯ ಹಿರಿಯರೇ ಹೇಳ್ತಿದ್ದಾರೆ,” ಎಂದ.

ಮಗಳು ತಿರುವಿನ ಕಪಾಟಿನ ಕಡೆ ನೋಡಿದಳು. ಹಿಟ್ಟಿನ ಗಿರಣಿಯಲ್ಲಿ ಚೀಲ ಹೊಲಿಯುವವರ ಮೇಲ್ವಿಚಾರಕಿ ಅವಳು. ಯಂತ್ರದ ಸದ್ದಿನ ನಡುವೆ ಸುಮ್ಮನೆ ನಿಂತು ಯೋಚಿಸುವುದು ಅವಳಿಗೆ ಅಭ್ಯಾಸವಾಗಿತ್ತು.

*

ಕಪಾಟುಗಳು ಬರುವ ಮೊದಲು ಆ ಪ್ಯಾಸೇಜಿನ ತಿರುವಿನ ಗೋಡೆಯಲ್ಲಿ ಒಂದು ಗೂಡಿತ್ತು. ಸಂಜೆ ತಾಯಿ ಅದರಲ್ಲಿ ದೀಪ ಹಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು. ದೀಪದ ಹೊಗೆ ಕಾಗದಕ್ಕೆ ವಿಷ ಎಂದು ಕಪ್ತಾನ ಹೇಳಿದ. ಒಂದು ದಿನ ಅವಳು ಪೇಟೆಯಿಂದ ಬರುವಷ್ಟರಲ್ಲಿ ಗೂಡಿಗೆ ಅಡ್ಡವಾಗಿ ಕಪಾಟು ನಿಂತಿತ್ತು.

“ದೇವರಿಗೆ ಗೂಡೇ ಬೇಕು ಅಂತೇನಿಲ್ಲ,” ಎಂದಳು ಅವಳು. ಅಂದಿನಿಂದ ಒಲೆಯ ಮುಂದೆ ನಿಂತು ಕೈಮುಗಿದಳು. ಮರುದಿನ ಅದೇ ಕಪಾಟಿನ ಧೂಳನ್ನು, ಗಂಡ ಕಲಿಸಿಕೊಟ್ಟಂತೆ, ಮೆತ್ತನೆಯ ಬ್ರಷ್ಷಿನಿಂದ ಒಳಗಿನಿಂದ ಹೊರಕ್ಕೆ ಸವರಿ ತೆಗೆದಳು.

ಕಡಲು ನೋಡಬೇಕೆಂದು ಅವಳು ಒಮ್ಮೆ ಕೇಳಿದ್ದಳು. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಕಡಲು.

“ಉಪ್ಪುಗಾಳಿ ಬಟ್ಟೆಯಲ್ಲಿ ಕೂತು ಮನೆಗೆ ಬರುತ್ತೆ,” ಎಂದಿದ್ದ ಕಪ್ತಾನ. “ಪುಸ್ತಕಗಳಿಗೆ ಬೂಷ್ಟು ಹಿಡಿದ್ರೆ ನೀನು ಬಿಡಿಸಿಕೊಡ್ತೀಯಾ?”

ಕಾಯಿಲೆ ಬಿದ್ದು ಇನ್ನು ಏಳುವುದಿಲ್ಲ ಎಂದಾದಾಗ ಇನ್ನೊಂದು ಕೇಳಿದಳು. “ಆ ನೀಲಿ ರಟ್ಟಿನದು, ಅಷ್ಟು ವರ್ಷ ಒರೆಸಿದ್ದೀನಿ. ಅದರಲ್ಲಿ ಏನಿದೆ, ಸ್ವಲ್ಪ ಓದಿ ಹೇಳಿ. ಕಣ್ಣು ಮುಚ್ಚಿಕೊಂಡು ಕೇಳ್ತೀನಿ.”

ಕಪ್ತಾನ ನೀಲಿ ಪುಸ್ತಕವನ್ನು ತಂದ. ತಿರುಗಿಸಿ ನೋಡಿದ. “ಇದರ ಹಾಳೆ ಬಿಡಿಸಿಲ್ಲ.”

“ಅಡುಗೆಮನೇಲಿ ಚಾಕು ಇದೆ.”

“ನಿನಗೆ ಗೊತ್ತಾಗಲ್ಲ. ಬಿಡಿಸಿದ್ರೆ ಹೋಯ್ತು.”

ಪುಸ್ತಕವನ್ನು ಅದರ ಜಾಗದಲ್ಲಿಟ್ಟು ಬಂದು, ಪಕ್ಕದ ಪುಸ್ತಕಕ್ಕೆ ಒತ್ತಡವಾಗದಂತೆ ಸರಿಮಾಡಿದೆನೆಂದು ಅವಳಿಗೇ ಹೇಳಿದ. ಅವಳು ನಕ್ಕಳು. ಔಷಧಿಯ ಚಮಚ ಹಿಡಿದು ಪಕ್ಕದಲ್ಲಿ ನಿಂತಿದ್ದ ಮಗಳಿಗೆ, ತಾಯಿ ಅತ್ತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ತಾಯಿ ತೀರಿಹೋದ ದಿನ, ಕಪಾಟು ಸರಿಸಲು ಬಂದವರನ್ನು ಕಪ್ತಾನ ತಡೆದ. ಹೊರಗೆ ಮೋಡವಿತ್ತು, ಗಾಳಿಯಲ್ಲಿ ತೇವವಿತ್ತು. ಒಲೆ ಬದಿಗೆ ಸರಿಸಿ ಅವಳನ್ನು ಅಡುಗೆಮನೆಯ ಮೂಲಕ ಹಿತ್ತಲ ಗಲ್ಲಿಗೆ ಒಯ್ದರು. ಅಲ್ಲಿ ಪಕ್ಕದ ಮನೆಯ ಪಾತ್ರೆ ತೊಳೆದ ನೀರು ಹರಿಯುತ್ತಿತ್ತು. ಒಬ್ಬನ ಕಾಲು ಜಾರಿ ಪೆಟ್ಟಿಗೆಯ ಮೂಲೆ ಚರಂಡಿಗೆ ತಾಗಿತು. ಕಪ್ತಾನ ಆಗ ಗಲ್ಲಿಯಲ್ಲಿರಲಿಲ್ಲ. ಹೋಗಿಬರುವವರ ಮೈ ಪುಸ್ತಕಗಳಿಗೆ ತಾಗದಿರಲೆಂದು ಎರಡೂ ಕೈ ಚಾಚಿ ಪ್ಯಾಸೇಜಿನಲ್ಲಿ ನಿಂತಿದ್ದ.

*

“ಕಪಾಟು ಖಾಲಿ ಮಾಡಿ,” ಎಂದಳು ಮಗಳು. “ಪುಸ್ತಕಗಳನ್ನೆಲ್ಲ ಅಂಗಳಕ್ಕೆ ಹಾಕಿ. ಅಪ್ಪ ಮುಂಬಾಗಿಲಿಂದ ಹೋಗ್ತಾರೆ.”

“ಅಂಗಳಕ್ಕೆ?” ಎಂದ ಹಲ್ಲಿನ ವೈದ್ಯ. ಹಲ್ಲು ಕೀಳಿಸಿಕೊಳ್ಳುವವರ ಮುಖ ಹೇಗಿರುತ್ತದೆಂದು ಅಂದು ಅವನ ಮುಖದಲ್ಲೇ ಕಾಣುತ್ತಿತ್ತು. “ಮೋಡ ಆಗಿದೆ.”

“ಅಮ್ಮ ಹೋದಾಗಲೂ ಆಗಿತ್ತು.”

ಚಿಕ್ಕಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ನಿನಗೆ ಬುದ್ಧಿ ಇದೆಯಾ? ನಮ್ಮಕ್ಕನಿಗೆ ಅವನು ಮಾಡಿದ್ದು ನಿನ್ನ ಕಣ್ಣೆದುರೇ. ಅವನಿಗೇನು ರಾಜಮರ್ಯಾದೆ?”

“ಮರ್ಯಾದೆಗಲ್ಲ ಚಿಕ್ಕಮ್ಮ. ಅವತ್ತು ಅಪ್ಪ ಮಾಡಿದ್ದನ್ನೇ ಇವತ್ತು ನಾನೂ ಮಾಡಿದ್ರೆ, ನಾನು ಅವರ ಮಗಳು ಮಾತ್ರ ಅಂತಾಗುತ್ತೆ. ನಾನು ಅಮ್ಮನ ಮಗಳಾಗಿ ಉಳೀಬೇಕು.”

“ಅಕ್ಕನ ಹಾಗೇ ಮಾತಾಡಿ ನನ್ನ ಬಾಯಿ ಮುಚ್ಚಿಸು,” ಎಂದು ಚಿಕ್ಕಮ್ಮ ಕೈ ಬಿಟ್ಟಳು.

ಪುಸ್ತಕಗಳು ಕೈಯಿಂದ ಕೈಗೆ ದಾಟುತ್ತ ಹೊರಗೆ ಹೋದವು. ಹೆಣ ಹೊರಲು ಸೊಂಟನೋವು ಎಂದಿದ್ದ ಅಧ್ಯಕ್ಷ ಎದೆಯೆತ್ತರ ಪುಸ್ತಕ ಹೊತ್ತು ನಡೆದ. ವ್ಯಾಪಾರಿ ಒಂದೊಂದನ್ನೂ ಮಗುವಿನಂತೆ ಮಡಿಲಿಗೆ ತೆಗೆದುಕೊಂಡ. ನೀಲಿ ರಟ್ಟಿನದು ಮಗಳ ಕೈಗೇ ಬಂತು. ಅಂಚಿಗೆ ಹೆಬ್ಬೆರಳಿಟ್ಟು ನೋಡಿದಳು. ಹಾಳೆಗಳು ಹಾಗೇ ಮುಚ್ಚಿಕೊಂಡಿದ್ದವು. ಮುಂದಿನವರಿಗೆ ಕೊಟ್ಟಳು.

“ಒಂದನ್ನ ಅವನ ಜೊತೇಲಿ ಪೆಟ್ಟಿಗೆಗೆ ಹಾಕಿಬಿಡಿ,” ಎಂದಳು ಚಿಕ್ಕಮ್ಮ. “ಇಲ್ಲಿ ಓದಲಿಲ್ಲ, ಅಲ್ಲಾದ್ರೂ ಓದ್ಲಿ. ಆ ನೀಲಿದೇ ಹಾಕಿ.”

ಮೂವರೂ ನಿಂತರು. “ಅದು ಬೇಡ,” ಎಂದ ವ್ಯಾಪಾರಿ. “ಅದು ಬಹಳ ಅಪರೂಪ.” ಹಲ್ಲಿನ ವೈದ್ಯ ರಾಶಿಯಲ್ಲಿ ಹುಡುಕಿ ಒಂದನ್ನು ತೆಗೆದ. “ಇದಾಗಬಹುದು. ಬೆನ್ನು ಕಿತ್ತಿದೆ, ಹುಳವೂ ತಿಂದಿದೆ.” ಜೀವನವೆಲ್ಲ ತಮ್ಮ ಜೊತೆ ಕೂತು ಚಹಾ ಕುಡಿದ ಗೆಳೆಯನಿಗೆ ಅವರು ಕೊಡಲು ಒಪ್ಪಿದ್ದು ಅಷ್ಟು. ಅದನ್ನೂ ಅಧ್ಯಕ್ಷ ತೆಗೆದುಕೊಂಡು ನೋಡಿ, ಒಳಗಿನ ಚಿತ್ರಗಳು ಚೆನ್ನಾಗಿವೆ ಎಂದು ವಾಪಸ್ ರಾಶಿಗೆ ಸೇರಿಸಿದ.

ತಿರುವಿನ ಕಪಾಟನ್ನು ಬಡಗಿ ಸರಿಸಿದಾಗ ಗೋಡೆಯ ಗೂಡು ಕಂಡಿತು.

ಅದರ ಮೇಲ್ಭಾಗದಲ್ಲಿ ದೀಪದ ಕಪ್ಪು ಹಾಗೇ ಉಳಿದಿತ್ತು. ಒಳಗೆ ಜೇಡರ ಬಲೆಯ ಹಿಂದೆ ಸಣ್ಣ ಮಣ್ಣಿನ ದೀಪವಿತ್ತು, ಅದರಲ್ಲಿ ಸುಟ್ಟ ಬತ್ತಿಯ ತುಣುಕು. ಅದನ್ನು ತೆಗೆದಿಡುವ ಪುರಸೊತ್ತೂ ತಾಯಿಗೆ ಸಿಕ್ಕಿರಲಿಲ್ಲ.

ಚಿಕ್ಕಮ್ಮ ಮುಂದೆ ಬಂದು ಸೆರಗಿನಿಂದ ಬಲೆ ತೆಗೆದಳು. ಗೂಡಿನ ಮೂಲೆಮೂಲೆ ಒರೆಸಿದಳು, ಕಪ್ಪನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಒಳಗೆ ಹೋಗಿ ಎಣ್ಣೆ, ಹತ್ತಿ, ಬೆಂಕಿಪೊಟ್ಟಣ ತಂದಳು.

“ಬೆಂಕಿ ಬೇಡಮ್ಮಾ, ಇಲ್ಲಿ ಕಾಗದ...” ಎಂದ ಹಲ್ಲಿನ ವೈದ್ಯ.

“ಕಾಗದ ಎಲ್ಲಾ ಆಚೆ ಹೋಯ್ತಪ್ಪಾ. ಇಲ್ಲಿ ಉಳಿದಿರೋದು ನಾವೇ,” ಎಂದು ಚಿಕ್ಕಮ್ಮ ಬತ್ತಿ ಹೊಸೆದಳು.

ದೀಪ ಹತ್ತಿತು. ಪೆಟ್ಟಿಗೆಯನ್ನು ಮತ್ತೆ ಹೊತ್ತರು. ಈ ಸಲ ಅದು ಎಲ್ಲಿಯೂ ತಾಗದೆ ತಿರುವು ದಾಟಿತು. ದೂರದ ನೆಂಟರು ಮುಖ ನೋಡಲು ನೇರ ಸ್ಮಶಾನಕ್ಕೇ ಬರುವವರಿದ್ದುದರಿಂದ ಮುಚ್ಚಳವನ್ನು ಮೊದಲೇ ಅಲ್ಲಿಗೆ ಕಳಿಸಿದ್ದರು. ಕಪ್ತಾನನ ಮುಖ ತೆರೆದೇ ಇತ್ತು. ಗೂಡಿನ ಮುಂದೆ ಹಾಯುವಾಗ ದೀಪದ ಬೆಳಕು ಆ ಮುಖದ ಮೇಲೆ ಬಿತ್ತು. ಆ ಬೆಳಕನ್ನೇ ಮನೆಯಿಂದ ಅಟ್ಟಿದವನೆಂದು ನೋಡದೆ ಅವನ ಮೇಲೂ ಬಿತ್ತು.

ಅಂಗಳಕ್ಕೆ ಬರುವಷ್ಟರಲ್ಲಿ ಹನಿ ಬೀಳತೊಡಗಿತು.

ಮೂವರೂ ಕೊಡೆ ತೆರೆದರು. ಒಂದನ್ನೂ ತಲೆಯ ಮೇಲೆ ಹಿಡಿಯಲಿಲ್ಲ. ಪುಸ್ತಕಗಳ ರಾಶಿಯ ಮೇಲೆ ಅವನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಬಂದವರಲ್ಲಿ ಇನ್ನೂ ಯಾರ ಬಳಿ ಕೊಡೆ ಇದೆಯೆಂದು ಕೇಳಿದರು. ಒಂದೆರಡು ಸಿಕ್ಕವು. ಅಧ್ಯಕ್ಷ ತನ್ನ ಕೋಟನ್ನೂ ಬಿಚ್ಚಿ ಒಂದು ಮೂಲೆಗೆ ಹೊದಿಸಿದ.

“ನೀವು ನಡೀರಿ,” ಎಂದ ಮಗಳಿಗೆ. “ಸಂಘದ ಪರವಾಗಿ ನಾವು ಇಲ್ಲೇ ಇರ್ತೀವಿ. ಯಾರಾದ್ರೂ ನೋಡ್ಕೋಬೇಕಲ್ಲ.”

“ನೋಡ್ಕೊಳ್ಳಿ,” ಎಂದಳು ಮಗಳು. “ಅಮ್ಮನೂ ಇಲ್ಲ ಈಗ.”

ಪೆಟ್ಟಿಗೆ ಬೀದಿಗಿಳಿಯಿತು. ಬೀದಿ ಅಗಲವಾಗಿತ್ತು, ಅಂಗಡಿಯವರು ಎದ್ದು ನಿಂತು ದಾರಿ ಬಿಟ್ಟರು. ಬೀದಿಯ ತುದಿಯಲ್ಲಿ ಮಗಳು ಒಮ್ಮೆ ಹಿಂದೆ ನೋಡಿದಳು. ಅಂಗಳದಲ್ಲಿ ಕಪ್ಪು ಕೊಡೆಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ಹಿಡಿಕೆ ಹಿಡಿದ ಮೂವರು ಬರಿತಲೆಯಲ್ಲಿ ನೆನೆಯುತ್ತಿದ್ದರು.

ಮಳೆ ಸ್ವಲ್ಪ ಜೋರಾಯಿತು. ಜೀವಮಾನವೆಲ್ಲ ತೇವಕ್ಕೆ ಹೆದರಿದ್ದ ಕಪ್ತಾನನ ಹಣೆಯ ಮೇಲೆ, ಮುಚ್ಚಿದ ರೆಪ್ಪೆಗಳ ಮೇಲೆ ಹನಿಗಳು ಬಿದ್ದು ಕಿವಿಯ ಕಡೆಗೆ ಹರಿದವು. ಹೊತ್ತವರ ಕೈ ಖಾಲಿಯಿರಲಿಲ್ಲ. ಒರೆಸಲು ಮಗಳು ಸೆರಗು ಹುಡುಕಿದಳು, ಅದೂ ಒದ್ದೆಯಾಗಿತ್ತು.

ಕೊಡೆ ಕೊಡದೆ ಉಳಿಸಿಕೊಂಡವಳು ಚಿಕ್ಕಮ್ಮ ಒಬ್ಬಳೇ. ಕೇಳಿದಾಗ, “ನನ್ನದು ಮನುಷ್ಯರಿಗೆ,” ಎಂದು ಕಂಕುಳಲ್ಲಿ ಅವುಚಿಕೊಂಡಿದ್ದಳು. ಈಗ ಅದನ್ನು ಹಿಡಿದು ಹಿಂದೆ ಬರುತ್ತಿದ್ದಳು. ಗೊಣಗುತ್ತ ಹೆಜ್ಜೆ ಜೋರು ಮಾಡಿ ಪೆಟ್ಟಿಗೆಯ ಪಕ್ಕಕ್ಕೆ ಬಂದಳು.

“ಇವನ ಮುಖಕ್ಕೆ ಇದೊಂದು ಕೇಡು,” ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಕೊಡೆಯನ್ನು ಆ ಮುಖದ ಮೇಲೆ ಚಾಚಿ ಹಿಡಿದಳು. ತನ್ನ ಮುಖವನ್ನು ಅಂಗಡಿಗಳ ಕಡೆಗೆ ತಿರುಗಿಸಿಕೊಂಡಳು. ಆ ಅಗಲವಾದ ಬೀದಿಯಲ್ಲಿ, ಮಳೆಗೆ ಬೆನ್ನೊಡ್ಡಿ, ಆ ಮನೆಯವರು ನಡೆಯುವಂತೆ ಅಡ್ಡಡ್ಡವಾಗಿ ನಡೆಯತೊಡಗಿದಳು.